ಡಾಲ್ಫಿನ್‌ಗೆ ಎಷ್ಟು ಕೇಳಿಸುತ್ತದೆ? ಪರೀಕ್ಷೆಯ ಹಂತಗಳು, ಬೆಂಗಳೂರಿನಲ್ಲೇ ಮಾಡಿಕೊಳ್ಳಬಹುದಾದ ತಯಾರಿ

ಶ್ರವಣಶಾಸ್ತ್ರದ ವಿದ್ಯಾರ್ಥಿಗಳು, ಪಶುವೈದ್ಯಕೀಯ ಓದುತ್ತಿರುವವರು, ಎಲೆಕ್ಟ್ರಾನಿಕ್ಸ್ ಕಲಿತು ಪ್ರಾಣಿಗಳ ಲೋಕದತ್ತ ಮನಸ್ಸು ಹರಿಸಿರುವ ಎಂಜಿನಿಯರುಗಳು ನನ್ನನ್ನು ಪದೇ ಪದೇ ಕೇಳುವುದು ಮೂರು ಪ್ರಶ್ನೆಗಳನ್ನು. ಮಾತು ಬಾರದ ಪ್ರಾಣಿಗೆ ಸದ್ದು ಕೇಳಿಸಿತೆಂದು ತಿಳಿಯುವುದು ಹೇಗೆ? ನೀರಿನೊಳಗಿನ ಸದ್ದನ್ನು ಅಳೆಯುವುದು ಹೇಗೆ? ಯಾವ ಕಡೆ ಹೊರಟರೂ ಸಮುದ್ರಕ್ಕೆ 300 ಕಿಲೋಮೀಟರಿಗೂ ಹೆಚ್ಚು ದಾರಿಯಿರುವ ಬೆಂಗಳೂರಿನಲ್ಲಿದ್ದುಕೊಂಡು ಈ ವಿದ್ಯೆಯನ್ನು ಕಲಿಯಲು ಸಾಧ್ಯವೇ?

ಮೂರನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಸಾಧ್ಯ. ಈ ಪರೀಕ್ಷೆಯಲ್ಲಿ ಡಾಲ್ಫಿನ್ ಎದುರಿಗಿರುವ ಸಮಯ ಕಡಿಮೆ, ಅದಕ್ಕೆ ಮುಂಚಿನ ತಯಾರಿ ಬಹಳ. ಆ ತಯಾರಿಯಲ್ಲಿ ಎರಡು ವಿಷಯಗಳು ಕೈವಶವಾಗಬೇಕು. ಒಂದು, ನೀವು ಹೊರಡಿಸಿದ ಸದ್ದು ಪ್ರಾಣಿಯಿರುವ ಜಾಗಕ್ಕೆ ನಿಜವಾಗಿ ಎಷ್ಟು ತಲುಪಿತು ಎಂಬ ಅಳತೆ. ಎರಡು, ಸದ್ದೇ ಇಲ್ಲದಾಗ ಪ್ರಾಣಿ ಏನು ಮಾಡುತ್ತದೆ ಎಂಬ ಲೆಕ್ಕ. ಹೆಚ್ಚಿನವರು ಮೆದುಳಿನ ವಿದ್ಯುತ್ ಅಲೆ ಹಿಡಿಯುವ ಎಲೆಕ್ಟ್ರೋಡ್ ಎಲ್ಲಿ ಸಿಗುತ್ತದೆ, ಸಾಫ್ಟ್‌ವೇರ್ ಯಾವುದು ಎಂದು ವಿಚಾರಿಸುತ್ತಾರೆ. ಈ ಎರಡರ ಬಗ್ಗೆ ವಿಚಾರಿಸುವವರು ಅಪರೂಪ. ಪರೀಕ್ಷೆಗಳು ಕೆಡುವುದು ಮಾತ್ರ ಇವೆರಡರಲ್ಲೇ.

ಕಾನೂನು ಮೊದಲು

ಭಾರತದಲ್ಲಿ ಡಾಲ್ಫಿನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವಷ್ಟೇ ಕಟ್ಟುನಿಟ್ಟಿನ ರಕ್ಷಣೆ ಅವುಗಳಿಗೂ ಇದೆ. ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಪ್ರದರ್ಶಿಸುವ ಯೋಜನೆಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಸರ್ಕಾರ 2013ರಲ್ಲಿ ರಾಜ್ಯಗಳಿಗೆ ತಿಳಿಸಿತು. ಆದ್ದರಿಂದ ಕಬ್ಬನ್ ಉದ್ಯಾನದ ಮತ್ಸ್ಯಾಲಯಕ್ಕೆ ಹೋಗಿ ವಿಚಾರಿಸಿ ಪ್ರಯೋಜನವಿಲ್ಲ. ಕಾರವಾರದಲ್ಲೋ ಗೋಕರ್ಣದಲ್ಲೋ ದೋಣಿ ಹಿಡಿದು, ನೀರಿಗೆ ಸ್ಪೀಕರ್ ಇಳಿಸಿ ‘ನೋಡೋಣ’ ಎನ್ನುವಂತೆಯೂ ಇಲ್ಲ. ನಮ್ಮ ಕರಾವಳಿಯಲ್ಲಿ ದಡದ ಹತ್ತಿರವೇ ಓಡಾಡುವ ಗೂನುಬೆನ್ನಿನ ಡಾಲ್ಫಿನ್‌ಗಳು ಮೊದಲೇ ದೋಣಿಗಳ ಗದ್ದಲದ ನಡುವೆ ಬದುಕುತ್ತಿವೆ. ಅವುಗಳ ಹತ್ತಿರ ಅನುಮತಿಯಿಲ್ಲದೆ ಜೋರು ಸದ್ದು ಮಾಡುವುದು ಅಪರಾಧ, ಕ್ರೌರ್ಯ ಕೂಡ.

ಕರಾವಳಿಗೆ ಹೋದಾಗ ದಡಕ್ಕೆ ಬಂದು ಬಿದ್ದಿರುವ ಜೀವಂತ ಡಾಲ್ಫಿನ್ ಕಂಡರೆ ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ. ಬಾಲವನ್ನಾಗಲಿ ರೆಕ್ಕೆಯನ್ನಾಗಲಿ ಹಿಡಿದು ಎಳೆಯಬೇಡಿ. ನೆರಳು ಮಾಡಿ, ಮೈಮೇಲೆ ಒದ್ದೆ ಬಟ್ಟೆ ಹೊದಿಸಿ. ನೆತ್ತಿಯ ಮೇಲಿನ ಉಸಿರುರಂಧ್ರಕ್ಕೆ ನೀರು ಹೋಗದಂತೆ, ಬಟ್ಟೆ ಮುಚ್ಚದಂತೆ ನೋಡಿಕೊಳ್ಳಿ. ಅದು ಮೀನಲ್ಲ, ನಮ್ಮ ಹಾಗೆ ಗಾಳಿಯನ್ನು ಉಸಿರಾಡುವ ಪ್ರಾಣಿ.

ಡಾಲ್ಫಿನ್ ಯಾವುದರಿಂದ ಕೇಳಿಸಿಕೊಳ್ಳುತ್ತದೆ?

ಕಣ್ಣಿನ ಹಿಂದೆ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ನಮ್ಮ ಕಿವಿಯ ನಾಳಕ್ಕೆ ಸಮನಾದದ್ದು ಅದೇ, ಆದರೆ ಅದರಿಂದ ಹೆಚ್ಚಿನ ಕೆಲಸ ನಡೆಯುವುದಿಲ್ಲ. ಸದ್ದು ಮುಖ್ಯವಾಗಿ ಒಳಗೆ ಹೋಗುವುದು ಕೆಳದವಡೆಯ ಮೂಲಕ. ದವಡೆಯ ಹಿಂಭಾಗದಲ್ಲಿ ಮೂಳೆ ಬಹಳ ತೆಳುವಾಗಿದ್ದು, ಅದರ ಒಳಗಡೆ ವಿಶೇಷ ಬಗೆಯ ಕೊಬ್ಬು ತುಂಬಿರುತ್ತದೆ. ಆ ಕೊಬ್ಬೇ ಸದ್ದನ್ನು ಒಳಕಿವಿಯವರೆಗೆ ಸಾಗಿಸುತ್ತದೆ. 1960ರ ದಶಕದಲ್ಲಿ ಸಾಗರಜೀವಿ ವಿಜ್ಞಾನಿ ಕೆನೆತ್ ನಾರಿಸ್ ಈ ವಿಚಾರವನ್ನು ಮುಂದಿಟ್ಟರು. 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಾಲ್ಫಿನ್‌ನ ಕೆಳದವಡೆಗೆ ಸದ್ದು ತಡೆಯುವ ಗವಸು ತೊಡಿಸಿದಾಗ, ಪ್ರತಿಧ್ವನಿಯಿಂದ ವಸ್ತುಗಳನ್ನು ಗುರುತಿಸುವ ಅದರ ಸಾಮರ್ಥ್ಯ ಕುಗ್ಗಿತು. ಪರೀಕ್ಷಕರಾದ ನಿಮಗೆ ಇದರ ಅರ್ಥ ಇಷ್ಟು: ಅಳತೆ ಮಾಡಬೇಕಾದ ಜಾಗ ದವಡೆಯ ಜಾಗ, ಸ್ಪೀಕರಿನ ಬಾಯಿಯಲ್ಲ.

ಮನುಷ್ಯರಿಗೆ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ಕಂಪನಾಂಕ ಹೆಚ್ಚಿದಷ್ಟೂ ಸ್ವರ ಕೀರಲು. ಬಾಟಲಿಯಂಥ ಮೂತಿಯ ಬಾಟಲ್‌ನೋಸ್ ಎಂಬ ಜಾತಿಯ ಡಾಲ್ಫಿನ್‌ನ ವ್ಯಾಪ್ತಿ ಸುಮಾರು 75 ಹರ್ಟ್ಸ್‌ನಿಂದ 150 ಕಿಲೋಹರ್ಟ್ಸ್‌ವರೆಗೆ. ನಮಗೆ ಎಲ್ಲ ಮುಗಿದು ನಿಶ್ಶಬ್ದವಾಗುವ ಕಡೆ ಅದಕ್ಕೆ ನಮ್ಮದರ ಆರು ಪಟ್ಟಿಗೂ ಹೆಚ್ಚು ಲೋಕ ಇನ್ನೂ ತೆರೆದಿರುತ್ತದೆ.

ಬೇಕಾಗುವ ಸಾಮಗ್ರಿ

ನಿಜವಾದ ಪ್ರಯೋಗಶಾಲೆಯಲ್ಲಿ ಇರಬೇಕಾದವು ಇವು: ನೀರಿನೊಳಗೆ ಸದ್ದು ಹೊರಡಿಸುವ ಸ್ಪೀಕರ್, ಅಳತೆಯ ಪ್ರಮಾಣಪತ್ರವಿರುವ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕು, ಸೆಕೆಂಡಿಗೆ 3 ಲಕ್ಷಕ್ಕಿಂತ ಹೆಚ್ಚು ಬಾರಿ ಮಾದರಿ ತೆಗೆಯುವ, ಅಂದರೆ ಸದ್ದನ್ನು ಅಳೆದು ದಾಖಲಿಸುವ ಧ್ವನಿ ಕಾರ್ಡ್. 150 ಕಿಲೋಹರ್ಟ್ಸ್ ಸದ್ದನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದ ದಾಖಲಾತಿ ಬೇಕೇ ಬೇಕು. ಇವುಗಳ ಜೊತೆಗೆ ಮೆದುಳಿನ ಅಲೆಗಳನ್ನು ಹಿಗ್ಗಿಸುವ ಆಂಪ್ಲಿಫೈಯರ್ ಮತ್ತು ಎಲೆಕ್ಟ್ರೋಡ್‌ಗಳು.

ಮನೆಯ ಅಭ್ಯಾಸಕ್ಕೆ ಇಷ್ಟೆಲ್ಲ ಬೇಡ. ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಪೀಜೋ ಬಿಲ್ಲೆಗಳನ್ನು ಕೇಳಿ. ಸಂಗೀತ ಹಾಡುವ ಶುಭಾಶಯ ಪತ್ರಗಳಲ್ಲಿ, ಬಜರ್‌ಗಳಲ್ಲಿ ಇರುವ ಹಿತ್ತಾಳೆ ಬಣ್ಣದ ತೆಳು ಬಿಲ್ಲೆ ಅದು. ಅಂಥವು ಎರಡು, ಕವಚವಿರುವ ತಂತಿ ನಾಲ್ಕು ಮೀಟರ್, ಎಪಾಕ್ಸಿ ಅಂಟು, ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರ್ ಮತ್ತು ಎರಡು ಮೊಬೈಲ್ ಸಾಕು.

ಎಚ್ಚರಿಕೆ: ನೀರಿನ ಬಳಿ ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ ಯಾವ ಉಪಕರಣವೂ ಇರಬಾರದು. ಚಾರ್ಜ್ ಆಗುತ್ತಿರುವ ಮೊಬೈಲ್ ಕೂಡ ಬೇಡ. ಬ್ಯಾಟರಿ ಮಾತ್ರ.

ಹಂತ 1: ಡೆಸಿಬಲ್ ಗೊಂದಲವನ್ನು ಬಗೆಹರಿಸಿಕೊಳ್ಳಿ

ಡೆಸಿಬಲ್ ಎಂಬುದು ಮೀಟರ್, ಕಿಲೋಗ್ರಾಂಗಳಂತೆ ಸ್ವತಂತ್ರ ಮಾನವಲ್ಲ. ಅದೊಂದು ಹೋಲಿಕೆ. ಯಾವುದಕ್ಕೆ ಹೋಲಿಸಿದ್ದು ಎಂದು ಹೇಳದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್ ಒತ್ತಡಕ್ಕೆ ಹೋಲಿಸುತ್ತೇವೆ, ನೀರಿನಲ್ಲಿ 1 ಮೈಕ್ರೋಪಾಸ್ಕಲ್‌ಗೆ. ಪಾಸ್ಕಲ್ ಎಂದರೆ ಒತ್ತಡದ ಮಾನ. ಈ ಒಂದು ವ್ಯತ್ಯಾಸದಿಂದಲೇ ಎರಡು ಅಂಕಿಗಳ ನಡುವೆ 26 ಡೆಸಿಬಲ್ ಅಂತರ ಬರುತ್ತದೆ. ಇದಲ್ಲದೆ ನೀರು ಗಾಳಿಗಿಂತ ಎಷ್ಟೋ ಸಾಂದ್ರ, ಅದರಲ್ಲಿ ಸದ್ದಿನ ವೇಗವೂ ಹೆಚ್ಚು. ಒಂದೇ ಒತ್ತಡವಿದ್ದರೂ ನೀರಿನಲ್ಲಿ ಸಾಗುವ ಶಕ್ತಿ ಕಡಿಮೆ. ಆ ಲೆಕ್ಕದಲ್ಲಿ ಇನ್ನೂ ಸುಮಾರು 36 ಡೆಸಿಬಲ್. ಎರಡೂ ಸೇರಿದರೆ ಸುಮಾರು 62.

ಹಾಗಾಗಿ ‘ಹಡಗಿನ ಸದ್ದು 180 ಡೆಸಿಬಲ್, ಜೆಟ್ ವಿಮಾನಕ್ಕಿಂತಲೂ ಜೋರು’ ಎಂಬಂಥ ವಾಕ್ಯ ಓದಿದಾಗ ಅಲ್ಲೇ ನಿಲ್ಲಿ. ಗಾಳಿಯ ಅಂಕಿಯನ್ನೂ ನೀರಿನ ಅಂಕಿಯನ್ನೂ ನೇರವಾಗಿ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ‘1 ಮೈಕ್ರೋಪಾಸ್ಕಲ್‌ಗೆ ಹೋಲಿಸಿ’ ಎಂದು ಬರೆಯುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಿ. ಜೊತೆಗೆ, ಅಳತೆ ಎಲ್ಲಿಯದು, ಸ್ಪೀಕರಿನಿಂದ ಒಂದು ಮೀಟರಿನಲ್ಲೋ ಪ್ರಾಣಿಯ ದವಡೆಯ ಬಳಿಯೋ, ಅದನ್ನೂ ಬರೆಯಿರಿ.

ಹಂತ 2: ನೀರನ್ನು ಅಳೆಯಿರಿ

ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಹಂತಕ್ಕೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯ ನಾಲ್ಕು ಪಟ್ಟಿಗಿಂತ ಹೆಚ್ಚು. ಕಾಂಕ್ರೀಟ್ ಕೊಳದ ಗೋಡೆ, ತಳ, ನೀರಿನ ಮೇಲ್ಮೈ ಎಲ್ಲವೂ ಕನ್ನಡಿಯಂತೆ ಸದ್ದನ್ನು ಹಿಂದಕ್ಕೆ ಕಳುಹಿಸುತ್ತವೆ. ನೇರವಾಗಿ ಬಂದ ಅಲೆ ಮತ್ತು ಮರಳಿ ಬಂದ ಅಲೆ ಕೆಲವು ಕಡೆ ಒಂದನ್ನೊಂದು ಎತ್ತಿಹಿಡಿಯುತ್ತವೆ, ಕೆಲವು ಕಡೆ ಅಳಿಸಿಹಾಕುತ್ತವೆ. ಸ್ಪೀಕರಿಗೆ ಕೊಟ್ಟ ವಿದ್ಯುತ್ತು ಅಷ್ಟೇ ಇದ್ದರೂ ಒಂದು ಗೇಣು ಆಚೆ ಈಚೆಗೆ ಸದ್ದಿನ ಮಟ್ಟ ಬೇರೆಯೇ ಆಗಿರುತ್ತದೆ.

ಓದಿದರೆ ಇದು ತಲೆಗೆ ಹೋಗುವುದಿಲ್ಲ. ಕೈಯಾರೆ ಮಾಡಿ ನೋಡಿ. ನೀರು ಬಾರದ ದಿನಗಳಿಗೆಂದು ನಮ್ಮ ಮನೆಗಳ ಬಚ್ಚಲಲ್ಲಿ ತುಂಬಿಸಿಡುವ 200 ಲೀಟರಿನ ನೀಲಿ ಡ್ರಮ್ ಇದೆಯಲ್ಲ, ಅದೇ ನಿಮ್ಮ ಕೊಳ. ಎರಡೂ ಪೀಜೋ ಬಿಲ್ಲೆಗಳಿಗೆ ತಂತಿ ಬೆಸೆಯಿರಿ. ಬೆಸುಗೆಯ ಜಾಗ ಪೂರ್ತಿ ಮುಚ್ಚುವಂತೆ ಎಪಾಕ್ಸಿ ಬಳಿದು ಒಂದು ರಾತ್ರಿ ಒಣಗಲು ಬಿಡಿ. ಒಂದು ಬಿಲ್ಲೆಯನ್ನು ಆಂಪ್ಲಿಫೈಯರಿಗೆ ಜೋಡಿಸಿ ಡ್ರಮ್ಮಿನ ಒಂದು ಪಕ್ಕದಲ್ಲಿ, ಅರ್ಧ ಆಳಕ್ಕೆ ಇಳಿಬಿಡಿ. ಇನ್ನೊಂದನ್ನು ಉದ್ದನೆಯ ಮರದ ಅಳತೆಪಟ್ಟಿಗೆ ಕಟ್ಟಿ, ತಂತಿಯನ್ನು ಎರಡನೆಯ ಮೊಬೈಲಿನ ಮೈಕು ತೂತಿಗೆ ಸೇರಿಸಿ. ಮೊದಲ ಮೊಬೈಲನ್ನು ಆಂಪ್ಲಿಫೈಯರಿಗೆ ಸೇರಿಸಿ, ಸ್ವರ ಹೊರಡಿಸುವ ಆ್ಯಪ್‌ನಿಂದ 15 ಕಿಲೋಹರ್ಟ್ಸ್ ಸ್ವರ ಕೊಡಿ. ನಡುವಯಸ್ಸು ದಾಟಿದವರಿಗೆ ಈ ಸ್ವರ ಕೇಳಿಸದೇ ಇರಬಹುದು, ಚಿಂತೆಯಿಲ್ಲ, ಸದ್ದನ್ನು ಕಂಪನಾಂಕವಾರು ಗೆರೆಯಾಗಿ ತೋರಿಸುವ ಆ್ಯಪ್ ತೆರೆದಿಟ್ಟರೆ ಎರಡನೆಯ ಮೊಬೈಲಿನ ಪರದೆಯ ಮೇಲೆ ಅದರ ಗೆರೆ ಕಾಣುತ್ತದೆ.

ಈಗ ಅಳತೆಪಟ್ಟಿಯನ್ನು ಒಂದೊಂದೇ ಸೆಂಟಿಮೀಟರ್ ಸರಿಸುತ್ತ ಗೆರೆಯ ಎತ್ತರ ಬರೆದುಕೊಳ್ಳಿ. 15 ಕಿಲೋಹರ್ಟ್ಸ್ ಸದ್ದಿನ ಅಲೆಯ ಉದ್ದ ನೀರಿನಲ್ಲಿ 10 ಸೆಂಟಿಮೀಟರ್. ಹಾಗಾಗಿ ಎರಡೂವರೆ, ಮೂರು ಸೆಂಟಿಮೀಟರ್ ಸರಿಸುವಷ್ಟರಲ್ಲಿ ಗೆರೆ ಕುಸಿದುಬೀಳುವ ಜಾಗಗಳು ಸಿಗುತ್ತವೆ. ಅಲ್ಲಿಂದ ಅಷ್ಟೇ ದೂರ ಮುಂದೆ ಹೋದರೆ ಮತ್ತೆ ಮೇಲೇಳುತ್ತದೆ. ನಿಮ್ಮ ಕೈ ನೀರಿಗೆ ಇಳಿದರೂ ಅಂಕಿ ಬದಲಾಗುತ್ತದೆ. ಡ್ರಮ್ಮಿನ ಪಕ್ಕ ಕೂತು ಈ ಏರಿಳಿತ ಕಂಡವರಿಗೆ, ಪ್ರಾಣಿ ತಲೆಯನ್ನು ಮೂರು ಬೆರಳಿನಷ್ಟು ಅಲ್ಲಾಡಿಸಿದರೆ ಏನಾಗುತ್ತದೆಂದು ಮತ್ತೆ ವಿವರಿಸಬೇಕಾಗುವುದಿಲ್ಲ. ಡಾಲ್ಫಿನ್ ಪರೀಕ್ಷೆಯ 100 ಕಿಲೋಹರ್ಟ್ಸ್ ಸದ್ದಿನ ಅಲೆಯಂತೂ ಕೇವಲ ಒಂದೂವರೆ ಸೆಂಟಿಮೀಟರ್.

ನಿಜವಾದ ಪರೀಕ್ಷೆಯಲ್ಲಿ ಪ್ರಾಣಿ ನೀರಿಗೆ ಬರುವ ಮುಂಚೆಯೇ ಅದರ ದವಡೆ ಇರಲಿರುವ ಜಾಗದಲ್ಲಿ ಹೈಡ್ರೋಫೋನ್ ಇಟ್ಟು, ಪ್ರತಿ ಕಂಪನಾಂಕಕ್ಕೂ ಸುತ್ತಲಿನ ಹಲವು ಬಿಂದುಗಳಲ್ಲಿ ಅಳೆಯುತ್ತಾರೆ. ಬಿಂದುವಿನಿಂದ ಬಿಂದುವಿಗೆ ವ್ಯತ್ಯಾಸ ದೊಡ್ಡದಿದ್ದರೆ ಸ್ಪೀಕರಿನ ಜಾಗ ಬದಲಿಸುತ್ತಾರೆ, ಪ್ರತಿಫಲನ ತಡೆಯುವ ಅಡ್ಡಪಟ್ಟಿ ಇಡುತ್ತಾರೆ.

ಇಲ್ಲಿ ಆಗುವ ತಪ್ಪುಗಳು ಎರಡು. ಸ್ವರವನ್ನು ಥಟ್ಟನೆ ಶುರು ಮಾಡಿದರೆ ಆರಂಭದಲ್ಲಿ ‘ಟಕ್’ ಎಂಬ ಸದ್ದು ಬರುತ್ತದೆ. ಆ ‘ಟಕ್’ನಲ್ಲಿ ಎಲ್ಲ ಕಂಪನಾಂಕಗಳೂ ಬೆರೆತಿರುವುದರಿಂದ ಪ್ರಾಣಿ ನಿಮ್ಮ ಸ್ವರಕ್ಕಲ್ಲ, ಆ ‘ಟಕ್’ಗೆ ಉತ್ತರಿಸುತ್ತದೆ. ಆದ್ದರಿಂದ ಸ್ವರ ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕು. ಎರಡನೆಯದು ಇನ್ನೂ ಮೋಸದ್ದು. ಸ್ಪೀಕರನ್ನು ಅದರ ಶಕ್ತಿ ಮೀರಿ ದುಡಿಸಿದರೆ 5 ಕಿಲೋಹರ್ಟ್ಸ್ ಸ್ವರದ ಜೊತೆ 10, 15, 20 ಕಿಲೋಹರ್ಟ್ಸ್‌ನ ಕೂಸುಸ್ವರಗಳೂ ಹೊರಡುತ್ತವೆ. ಡಾಲ್ಫಿನ್‌ನ ಕಿವಿ ಕೆಳಸ್ವರಕ್ಕಿಂತ ಮೇಲುಸ್ವರಕ್ಕೆ ಬಹಳ ಚುರುಕು. ಅದು ಕೂಸುಸ್ವರವನ್ನು ಕೇಳಿ ಉತ್ತರಿಸುತ್ತದೆ, ನೀವು ‘5 ಕಿಲೋಹರ್ಟ್ಸ್ ಚೆನ್ನಾಗಿ ಕೇಳಿಸುತ್ತದೆ’ ಎಂದು ಬರೆಯುತ್ತೀರಿ.

ಹಂತ 3: ಹಿನ್ನೆಲೆಯ ಗದ್ದಲ

ಕೊಳದ ಪಂಪು, ನೀರು ಶುದ್ಧಿ ಯಂತ್ರ, ಪಕ್ಕದ ರಸ್ತೆ, ಎಲ್ಲದರ ಸದ್ದೂ ನೀರಿಗೆ ಇಳಿಯುತ್ತದೆ. ಬೋರ್‌ವೆಲ್ ಮೋಟಾರು ಓಡುತ್ತಿರುವಾಗ ಡ್ರಮ್ಮಿನ ಪ್ರಯೋಗವನ್ನು ಇನ್ನೊಮ್ಮೆ ಮಾಡಿದರೆ ಇದು ಅರ್ಥವಾಗುತ್ತದೆ. ಯಾವುದೇ ಸ್ವರ ಹಾಕದೆ ಕೊಳದ ಮೌನವನ್ನೇ ದಾಖಲಿಸಿ, ಅದರ ಮಟ್ಟವನ್ನು ಪ್ರತಿ ಕಂಪನಾಂಕದಲ್ಲೂ ಬರೆದಿಡಿ. ಗದ್ದಲವು ಸ್ವರವನ್ನು ಮುಚ್ಚಿಹಾಕಿದರೆ ನೀವು ಅಳೆದದ್ದು ಪ್ರಾಣಿಯ ಕಿವಿಯನ್ನಲ್ಲ, ಪಂಪನ್ನು.

ಹಂತ 4: ಪ್ರಾಣಿಯನ್ನೇ ಕೇಳುವ ವಿಧಾನ

ಹಳೆಯದಾದರೂ ಇಂದಿಗೂ ಅತ್ಯಂತ ನಂಬಿಕಸ್ಥ ವಿಧಾನವಿದು. ಬಾಟಲ್‌ನೋಸ್ ಡಾಲ್ಫಿನ್‌ನ ಶ್ರವಣ ರೇಖೆಯನ್ನು ಸಂಶೋಧಕ ಸಿ. ಸ್ಕಾಟ್ ಜಾನ್ಸನ್ 1967ರಲ್ಲಿ ಪ್ರಕಟಿಸಿದ್ದು ಹೀಗೆ ಅಳೆದೇ.

ಪ್ರಾಣಿಗೆ ಮೊದಲು ಒಂದು ‘ಠಾಣೆ’ ಕಲಿಸುತ್ತಾರೆ: ನೀರಿನೊಳಗೆ ನಿಲ್ಲಿಸಿದ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಅಥವಾ ಮೂತಿಯನ್ನು ಬಳೆಯಂಥ ಚೌಕಟ್ಟಿಗೆ ಇಟ್ಟು ಅಲ್ಲಾಡದೆ ನಿಲ್ಲುವುದು. ತಲೆ ಏಕೆ ಅಲ್ಲಾಡಬಾರದು ಎಂಬುದನ್ನು ಡ್ರಮ್ಮು ನಿಮಗೆ ಕಲಿಸಿದೆ. ಆಮೇಲೆ ನಿಯಮ: ಸ್ವರ ಕೇಳಿಸಿದರೆ ಠಾಣೆ ಬಿಟ್ಟು ಹೋಗಿ ಗುರುತಿನ ಹಲಗೆಯನ್ನು ಮುಟ್ಟಬೇಕು, ಕೇಳಿಸದಿದ್ದರೆ ನಿಂತಲ್ಲೇ ನಿಲ್ಲಬೇಕು. ಎರಡರಲ್ಲಿ ಯಾವುದನ್ನು ಸರಿಯಾಗಿ ಮಾಡಿದರೂ ಮೀನು ಸಿಗುತ್ತದೆ. ಇಷ್ಟು ಕಲಿಸಲು ತಿಂಗಳುಗಳೇ ಹಿಡಿಯುತ್ತವೆ.

ಸದ್ದಿಲ್ಲದ ಸರದಿ ಎಂದರೆ, ಎಲ್ಲ ಸಿದ್ಧತೆಯನ್ನೂ ಮಾಡಿ ಸ್ವರವನ್ನು ಮಾತ್ರ ಹಾಕದೆ ಬಿಡುವುದು. ಒಟ್ಟು ಸರದಿಗಳಲ್ಲಿ ಅರ್ಧದಷ್ಟು ಹೀಗಿರಬೇಕು ಮತ್ತು ಯಾವುದು ಯಾವಾಗ ಬರುತ್ತದೆಂದು ಪ್ರಾಣಿಗೆ ಊಹಿಸಲು ಆಗಬಾರದು. ಡಾಲ್ಫಿನ್ ಜಾಣ ಪ್ರಾಣಿ. ‘ಹೇಗೂ ಸ್ವರ ಬರುತ್ತಲೇ ಇರುತ್ತದೆ, ಹೋಗಿ ಮುಟ್ಟಿದರೆ ಮೀನು’ ಎಂದು ಅದಕ್ಕೆ ಅನ್ನಿಸಿದರೆ ಸಾಕು, ಕೇಳಿಸದಿದ್ದರೂ ಮುಟ್ಟಲು ಶುರು ಮಾಡುತ್ತದೆ. 20 ಸದ್ದಿಲ್ಲದ ಸರದಿಗಳಲ್ಲಿ 8 ಬಾರಿ ಮುಟ್ಟಿತೆನ್ನಿ. ಸುಳ್ಳು ಉತ್ತರ ಶೇ 40. ಅಂಥ ದಿನದ ಅಂಕಿಗಳು ಎಷ್ಟೇ ಚೆನ್ನಾಗಿ ಕಂಡರೂ ಕೈಬಿಡಬೇಕು. ಕಾಲು ಭಾಗ ದಾಟಿದರೆ ಆ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತೀರಾ ಒಮ್ಮೆಯೂ ಸುಳ್ಳು ಉತ್ತರ ಇಲ್ಲದಿದ್ದರೂ ಯೋಚಿಸಿ: ಪ್ರಾಣಿ ಅತಿ ಜಾಗ್ರತೆಯಿಂದ, ಖಚಿತವಾದಾಗ ಮಾತ್ರ ಉತ್ತರಿಸುತ್ತಿರಬಹುದು.

ತರಬೇತುದಾರರಿಗೂ ಯಾವ ಸರದಿಯಲ್ಲಿ ಸ್ವರವಿದೆ ಎಂಬುದು ಗೊತ್ತಿರಬಾರದು. ಗೊತ್ತಿದ್ದರೆ ಭುಜ ಕೊಂಚ ಮುಂದಕ್ಕೆ ಬಾಗುತ್ತದೆ, ಕೈ ಮೀನಿನ ಬಕೆಟ್ಟಿನತ್ತ ಹೋಗುತ್ತದೆ, ಉಸಿರು ಬಿಗಿಯಾಗುತ್ತದೆ. ನಾವು ಗಮನಿಸದ ಈ ಸನ್ನೆಗಳನ್ನು ಪ್ರಾಣಿ ಓದುತ್ತದೆ.

ಸದ್ದಿನ ಮಟ್ಟವನ್ನು ಮೆಟ್ಟಿಲು ಇಳಿದಂತೆ ಇಳಿಸುತ್ತಾರೆ. ಕೇಳಿಸಿದರೆ ಒಂದು ಮೆಟ್ಟಿಲು ಕೆಳಗೆ, ಕೇಳಿಸದಿದ್ದರೆ ಒಂದು ಮೆಟ್ಟಿಲು ಮೇಲೆ. ಉದಾಹರಣೆಗೆ 90, 84, 78, 72 ಡೆಸಿಬಲ್‌ಗಳಲ್ಲಿ ಕೇಳಿಸಿತು, 66ರಲ್ಲಿ ಇಲ್ಲ. ಅಲ್ಲಿಂದ 2 ಡೆಸಿಬಲ್‌ನ ಚಿಕ್ಕ ಮೆಟ್ಟಿಲು: 68 ಇಲ್ಲ, 70 ಕೇಳಿಸಿತು, 68 ಕೇಳಿಸಿತು, 66 ಇಲ್ಲ, 68 ಕೇಳಿಸಿತು, 66 ಇಲ್ಲ. ಚಿಕ್ಕ ಮೆಟ್ಟಿಲುಗಳಲ್ಲಿ ದಿಕ್ಕು ಬದಲಾದ ಜಾಗಗಳು 70, 66, 68, 66. ಇವುಗಳ ಸರಾಸರಿ 67.5. ಆ ಕಂಪನಾಂಕಕ್ಕೆ ಇದೇ ‘ಶ್ರವಣ ಮಿತಿ’, ಅಂದರೆ ಕೇಳಿಸಿಯೂ ಕೇಳಿಸದಂತಿರುವ ಗಡಿ. ನಿಜವಾದ ಕೆಲಸದಲ್ಲಿ ನಾಲ್ಕಲ್ಲ, ಹತ್ತರಷ್ಟಾದರೂ ತಿರುವುಗಳು ಬೇಕು, ಅದೂ ಬೇರೆ ಬೇರೆ ದಿನಗಳಲ್ಲಿ.

ಇದನ್ನು ಮನೆಯಲ್ಲಿ ಮಾಡಿ ನೋಡಿ. ತಂಗಿಗೋ ಗೆಳೆಯನಿಗೋ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಲು ಹೇಳಿ, ರಾತ್ರಿ ರಸ್ತೆ ಶಾಂತವಾದ ಮೇಲೆ ಮಂದ ಸ್ವರದಿಂದ ಶುರು ಮಾಡಿ. ಪ್ರತಿ ಸರದಿಗೂ ಮುಂಚೆ ನಾಣ್ಯ ಚಿಮ್ಮಿ; ತಲೆ ಬಿದ್ದರೆ ಸ್ವರ, ಬಾಲ ಬಿದ್ದರೆ ಮೌನ. ಮೌನದ ಸರದಿಯಲ್ಲೂ ‘ಕೇಳಿಸಿತು’ ಎಂದು ಕೈ ಎತ್ತುವುದನ್ನು ಎಣಿಸಿ. ಪ್ರಾಮಾಣಿಕ ಮನುಷ್ಯರಿಗೂ ಇಲ್ಲದ ಸದ್ದು ಕೇಳಿಸುತ್ತದೆ.

ಹಂತ 5: ಮೆದುಳನ್ನು ಕೇಳುವ ವಿಧಾನ

ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೆ ಮಾಡುವ ಬೇರಾ ಪರೀಕ್ಷೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಿದ್ದೆ ಹೋದ ಮಗುವಿನ ಹಣೆಗೆ, ಕಿವಿಗಳ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ‘ಟಕ್ ಟಕ್’ ಸದ್ದು ಕೊಟ್ಟು, ಮೆದುಳಿನ ಕಾಂಡದಿಂದ ಬರುವ ವಿದ್ಯುತ್ ಅಲೆಯನ್ನು ಹಿಡಿಯುತ್ತಾರೆ. ಡಾಲ್ಫಿನ್‌ಗೂ ಇದೇ ತತ್ವ. ಸ್ಯಾಮ್ ರಿಜ್‌ವೇ ಮತ್ತು ಸಂಗಡಿಗರು 1981ರಲ್ಲಿ ಡಾಲ್ಫಿನ್‌ಗಳ ಇಂಥ ಅಲೆಗಳನ್ನು ವರದಿ ಮಾಡಿದರು. ಮುಂದೆ ರಷ್ಯಾದಲ್ಲಿ ಪೊಪೋವ್ ಮತ್ತು ಸೂಪಿನ್, ಹವಾಯಿಯಲ್ಲಿ ನಾಕ್ಟಿಗಾಲ್, ಅಮೆರಿಕ ನೌಕಾಪಡೆಯ ಸ್ಯಾನ್ ಡಿಯಾಗೋ ತಂಡದಲ್ಲಿ ಫಿನ್ನೆರನ್ ಮುಂತಾದವರು ಇದನ್ನು ಬೆಳೆಸಿದರು. ತಿಂಗಳುಗಳ ತರಬೇತಿ ಬೇಕಾಗಿಲ್ಲ. ದಡಕ್ಕೆ ಬಂದು ಬಿದ್ದ, ಚಿಕಿತ್ಸೆಯಲ್ಲಿರುವ ಪ್ರಾಣಿಯನ್ನೂ ಪರೀಕ್ಷಿಸಬಹುದು.

ಕ್ರಮ ಹೀಗಿದೆ. ಚಿನ್ನದ ಲೇಪವಿರುವ ಪುಟ್ಟ ಎಲೆಕ್ಟ್ರೋಡನ್ನು ಸಿಲಿಕೋನ್ ಹೀರುಬಟ್ಟಲಿನೊಳಗೆ ಕೂರಿಸಿರುತ್ತಾರೆ. ಕನ್ನಡಿಗೆ, ಟೈಲ್ಸಿಗೆ ಒತ್ತಿ ಕೂರಿಸುವ ರಬ್ಬರ್ ಕೊಕ್ಕೆಗಳ ಬಟ್ಟಲಿನಂಥದೇ. ಚರ್ಮವನ್ನು ಒರೆಸಿ ಒಣಗಿಸಿ, ಬಟ್ಟಲಿಗೆ ವಿದ್ಯುತ್ ಹರಿಯುವ ಜೆಲ್ ತುಂಬಿ, ಉಸಿರುರಂಧ್ರದಿಂದ ಕೆಲವು ಸೆಂಟಿಮೀಟರ್ ಹಿಂದೆ ಒಂದನ್ನು ಒತ್ತುತ್ತಾರೆ. ಹೋಲಿಕೆಗೆ ಇನ್ನೊಂದು ಬೆನ್ನಿನ ಮೇಲೆ, ಮೂರನೆಯದು ಬೆನ್ನಿನ ರೆಕ್ಕೆಯ ಬಳಿ. ಸೂಜಿ ಬೇಡ, ಗಾಯವಿಲ್ಲ. ಸದ್ದು ಕೊಡಲು ನೀರಿನ ಸ್ಪೀಕರ್ ಬಳಸಬಹುದು. ಇಲ್ಲವೇ ಸ್ಪೀಕರನ್ನೇ ಹೀರುಬಟ್ಟಲಿನಲ್ಲಿ ಅಡಗಿಸಿ ನೇರ ಕೆಳದವಡೆಗೆ ಅಂಟಿಸಬಹುದು. ಈ ‘ದವಡೆಫೋನ್’ ಇದ್ದರೆ ಕೊಳದ ಪ್ರತಿಫಲನದ ತಲೆನೋವು ಬಹಳ ಕಡಿಮೆ.

ಮೆದುಳಿನ ಅಲೆಯ ಗಾತ್ರ ಮೈಕ್ರೋವೋಲ್ಟ್‌ಗಳಲ್ಲಿ, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಪಾಲಿನ ಲೆಕ್ಕದಲ್ಲಿ. ಸ್ನಾಯು, ಹೃದಯ, ಸುತ್ತಲಿನ ವಿದ್ಯುತ್ ತಂತಿಗಳು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಗಲಾಟೆ ಮಾಡುತ್ತವೆ. ಉಪಾಯ ಸರಳ: ಅದೇ ಸದ್ದನ್ನು ನೂರಾರು, ಸಾವಿರಾರು ಬಾರಿ ಕೊಟ್ಟು ಎಲ್ಲ ದಾಖಲೆಗಳ ಸರಾಸರಿ ತೆಗೆಯುವುದು. ಮೆದುಳಿನ ಉತ್ತರ ಪ್ರತಿ ಬಾರಿಯೂ ಅದೇ ಕ್ಷಣಕ್ಕೆ ಬರುತ್ತದೆ, ಗಲಾಟೆ ಹೇಗೆಂದರೆ ಹಾಗೆ ಬರುತ್ತದೆ. ನಾಲ್ಕು ಪಟ್ಟು ಹೆಚ್ಚು ಬಾರಿ ಕೊಟ್ಟರೆ ಗಲಾಟೆ ಅರ್ಧಕ್ಕಿಳಿಯುತ್ತದೆ. ಸಾವಿರ ಬಾರಿಗೆ ಸುಮಾರು 32ನೆಯ ಒಂದು ಪಾಲು. ಬೇರಾ ಪರದೆಯ ಮುಂದೆ ನಿಂತು ಇದನ್ನು ನೋಡಬೇಕು. ಮೊದಲು ಬರೀ ಪೊದೆಯಂಥ ಗೀಚು, 200 ಸದ್ದಾಗುವಷ್ಟರಲ್ಲಿ ಪೊದೆ ತೆಳುವಾಗುತ್ತದೆ, ಸಾವಿರ ದಾಟುವಾಗ ಅದರೊಳಗಿಂದ ಗುಡ್ಡಗಳ ಸಾಲೊಂದು ನಿಧಾನವಾಗಿ ಎದ್ದು ನಿಲ್ಲುತ್ತದೆ. ಮಗು ಮಲಗಿಯೇ ಇರುತ್ತದೆ. ಎಷ್ಟು ವರ್ಷ ನೋಡಿದರೂ ಆ ಗುಡ್ಡಗಳು ಮೂಡುವ ಗಳಿಗೆಯಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ.

ಡಾಲ್ಫಿನ್‌ಗೆ ಇನ್ನೊಂದು ಬಗೆಯೂ ಇದೆ. ಸ್ವರದ ಜೋರನ್ನು ಸೆಕೆಂಡಿಗೆ ಸಾವಿರ ಬಾರಿಯಂತೆ ಏರಿಸಿ ಇಳಿಸಿದರೆ ಅದರ ಮೆದುಳಿನ ಅಲೆಯೂ ಅದೇ ತಾಳಕ್ಕೆ, ಸೆಕೆಂಡಿಗೆ ಸಾವಿರದಂತೆ ಕುಣಿಯುತ್ತದೆ. ಮನುಷ್ಯರ ಪರೀಕ್ಷೆಯಲ್ಲಿ ನಾವು ಬಳಸುವ ತಾಳ ಸೆಕೆಂಡಿಗೆ 40ರಿಂದ 100ರ ಆಸುಪಾಸು. ಸದ್ದು ಕಡಿಮೆ ಮಾಡುತ್ತ ಹೋದಂತೆ ತಾಳದ ಗೆರೆ ಕುಗ್ಗುತ್ತದೆ. ಅದು ಗಲಾಟೆಯಲ್ಲಿ ಮುಳುಗುವ ಮಟ್ಟವೇ ಶ್ರವಣ ಮಿತಿ.

ಎಚ್ಚರಿಕೆಗಳು:

ನಮ್ಮ ಮನೆ ವಿದ್ಯುತ್ತಿನ ಕಂಪನ 50 ಹರ್ಟ್ಸ್. ಸದ್ದನ್ನು ಸೆಕೆಂಡಿಗೆ 10 ಅಥವಾ 25 ಬಾರಿ ಕೊಟ್ಟರೆ ಪ್ರತಿ ಸಲವೂ ವಿದ್ಯುತ್ತಿನ ಅಲೆ ಒಂದೇ ಜಾಗದಲ್ಲಿ ಸಿಕ್ಕಿ, ಸರಾಸರಿಯಲ್ಲಿ ಅಳಿಯುವ ಬದಲು ಉಳಿದುಬಿಡುತ್ತದೆ. ಚಿಕಿತ್ಸಾಲಯಗಳಲ್ಲಿ 11.1 ಅಥವಾ 21.1ರಂಥ ವಿಚಿತ್ರ ವೇಗ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಎಲೆಕ್ಟ್ರೋಡ್ ಸರಿಯಾಗಿ ಕೂತಿದೆಯೇ ಎಂದು ಮೊದಲೇ ನೋಡಿ. ಮನುಷ್ಯರಲ್ಲಿ ಚರ್ಮದ ತಡೆ 5 ಕಿಲೋಓಮ್‌ಗಿಂತ ಕಡಿಮೆ ಇರಬೇಕೆಂಬುದು ರೂಢಿ. ಬಟ್ಟಲಿನ ಅಂಚಿನಿಂದ ಉಪ್ಪುನೀರು ಒಳಗೆ ನುಸುಳಿದರೆ ಉತ್ತರ ಕುಗ್ಗಿಹೋಗುತ್ತದೆ, ನೀವು ಪ್ರಾಣಿಗೆ ಕಿವುಡು ಎಂದು ಬರೆದುಬಿಡುತ್ತೀರಿ.

ಇಲ್ಲೂ ಸದ್ದಿಲ್ಲದ ದಾಖಲೆ ಬೇಕು. ಸ್ಪೀಕರಿನ ವಿದ್ಯುತ್ ಸಂಕೇತವೇ ತಂತಿಯಿಂದ ತಂತಿಗೆ ಸೋರಿ, ಮೆದುಳಿನ ಅಲೆಯಂತೆ ವೇಷ ಹಾಕಿಕೊಂಡು ಬರುವುದುಂಟು. ಎಲ್ಲವೂ ಜೋಡಿಸಿದ್ದಂತೆಯೇ ಇದ್ದು ಸ್ಪೀಕರ್ ಮಾತ್ರ ನೀರಿನಿಂದ ಹೊರಗಿದ್ದಾಗಲೂ ‘ಉತ್ತರ’ ಬಂದರೆ ಅದು ಪ್ರಾಣಿಯದ್ದಲ್ಲ.

ಪ್ರಾಣಿಯ ಉಸಿರಾಟ ಕ್ರಮ ತಪ್ಪಿದರೆ, ಅದು ಒದ್ದಾಡಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಆ ತೀರ್ಮಾನ ಪಶುವೈದ್ಯರದು, ಅಂಕಿ ಬೇಕಾಗಿರುವ ನಿಮ್ಮದಲ್ಲ.

ಹಂತ 6: ರೇಖೆ ಎಳೆಯಿರಿ

ಅಡ್ಡಸಾಲಿನಲ್ಲಿ ಕಂಪನಾಂಕ, ಲಂಬಸಾಲಿನಲ್ಲಿ ಶ್ರವಣ ಮಿತಿ. ಇದೇ ಆಡಿಯೋಗ್ರಾಂ. ಆರೋಗ್ಯವಂತ ಬಾಟಲ್‌ನೋಸ್ ಡಾಲ್ಫಿನ್‌ನ ರೇಖೆ ಬಾಣಲೆಯ ಆಕಾರದಲ್ಲಿರುತ್ತದೆ. 1 ಕಿಲೋಹರ್ಟ್ಸ್ ಬಳಿ 90ರಿಂದ 100 ಡೆಸಿಬಲ್‌ನಷ್ಟು ಎತ್ತರ, ಅಲ್ಲಿಂದ ಇಳಿಯುತ್ತ ಹೋಗಿ 40ರಿಂದ 60 ಕಿಲೋಹರ್ಟ್ಸ್ ಸುತ್ತಮುತ್ತ 45ರ ಆಸುಪಾಸಿಗೆ ಬರುತ್ತದೆ, 120 ದಾಟಿದ ಮೇಲೆ ಗೋಡೆಯಂತೆ ಏರುತ್ತದೆ. ಕೆಳಗಿದ್ದಷ್ಟೂ ಕಿವಿ ಚುರುಕು. ಆಸ್ಪತ್ರೆಯ ಆಡಿಯೋಗ್ರಾಂನಲ್ಲಿ ಲಂಬಸಾಲು ತಲೆಕೆಳಗಾಗಿರುತ್ತದೆ, ಗಮನಿಸಿ. ಅದೇ ಚಿತ್ರದ ಮೇಲೆ ಹಂತ 3ರಲ್ಲಿ ಅಳೆದ ಹಿನ್ನೆಲೆಯ ಗದ್ದಲವನ್ನೂ ಬೇರೆ ಬಣ್ಣದಲ್ಲಿ ಎಳೆಯಿರಿ. ಎರಡು ಗೆರೆಗಳು ಅಂಟಿಕೊಂಡಂತೆ ಸಾಗಿದರೆ ಆ ಭಾಗವನ್ನು ನಂಬಬೇಡಿ.

ಹಂತ 7: ಓದುವಾಗ ಅವಸರ ಬೇಡ

ಮೆದುಳಿನ ವಿಧಾನದಲ್ಲಿ ಸಿಗುವ ಮಿತಿ ಸಾಮಾನ್ಯವಾಗಿ ನಡವಳಿಕೆಯ ವಿಧಾನದ ಮಿತಿಗಿಂತ ಕೆಲವು ಡೆಸಿಬಲ್ ಮೇಲಿರುತ್ತದೆ. ಪ್ರಾಣಿಗೆ ಕೇಳಿಸುತ್ತಿದ್ದರೂ ಎಲೆಕ್ಟ್ರೋಡಿಗೆ ಕಾಣುವಷ್ಟು ಅಲೆ ಏಳುವುದಿಲ್ಲ. ಎರಡು ವಿಧಾನಗಳ ಅಂಕಿಗಳನ್ನು ಬೆರೆಸಿ ಒಂದೇ ರೇಖೆ ಮಾಡಬೇಡಿ.

ಒಂದು ಪ್ರಾಣಿಯ ಕಿವಿಯಿಂದ ಇಡೀ ಜಾತಿಯ ಕಿವಿಯನ್ನು ಅಳೆಯಬೇಡಿ. ರಿಸ್ಸೋ ಡಾಲ್ಫಿನ್ ಎಂಬ ಜಾತಿಯದ್ದು ಒಳ್ಳೆಯ ಪಾಠ. ಮೊದಲ ರೇಖೆ ಬಂದದ್ದು ವಯಸ್ಸಾದ ಒಂದು ಪ್ರಾಣಿಯಿಂದ. ಆಮೇಲೆ ಪೋರ್ಚುಗಲ್ ಕರಾವಳಿಯಲ್ಲಿ ದಡಕ್ಕೆ ಬಂದಿದ್ದ ಎಳೆಯ ಮರಿಯೊಂದನ್ನು ನಾಕ್ಟಿಗಾಲ್ ತಂಡ ಹೀರುಬಟ್ಟಲಿನ ವಿಧಾನದಿಂದ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದಾಗ, ಅದಕ್ಕೆ ಇನ್ನೂ ಎಷ್ಟೋ ಕೀರಲಾದ ಸ್ವರಗಳವರೆಗೆ ಕೇಳಿಸುತ್ತಿತ್ತು. ಡಾಲ್ಫಿನ್‌ಗಳಿಗೂ ನಮ್ಮ ಅಜ್ಜ ಅಜ್ಜಿಯರಂತೆ ವಯಸ್ಸಾದಂತೆ ಮೇಲುಸ್ವರಗಳು ಮೊದಲು ಕೈಬಿಡುತ್ತವೆ. 2010ರ ಒಂದು ಅಧ್ಯಯನದಲ್ಲಿ ದಡಕ್ಕೆ ಬಂದು ಬಿದ್ದಿದ್ದ ಬಾಟಲ್‌ನೋಸ್ ಡಾಲ್ಫಿನ್‌ಗಳಲ್ಲಿ ಶೇ 57ರಷ್ಟಕ್ಕೆ ತೀವ್ರ ಶ್ರವಣದೋಷ ಇತ್ತು. ಪ್ರತಿಧ್ವನಿಯಿಂದಲೇ ದಾರಿ ಮತ್ತು ಆಹಾರ ಹುಡುಕುವ ಪ್ರಾಣಿಗೆ ಕಿವಿ ಹೋದರೆ ಏನು ಉಳಿಯುತ್ತದೆ? ಚಿಕಿತ್ಸೆ ಮಾಡಿ ಮರಳಿ ಸಮುದ್ರಕ್ಕೆ ಬಿಡುವ ಮುಂಚೆ ಕಿವಿ ಪರೀಕ್ಷೆ ಮಾಡಬೇಕೆಂದು ತಜ್ಞರು ಹೇಳುವುದು ಇದಕ್ಕೇ.

ಇಲ್ಲಿಂದ ಮುಂದೆ

ಬೇರಾ ಕಲಿಯಲು ಶ್ರವಣಶಾಸ್ತ್ರದ ಪದವಿ ಬೇಕು. ಬೆಂಗಳೂರಿನಲ್ಲಿ ಆ ಕೋರ್ಸ್ ಇರುವ ಕಾಲೇಜುಗಳಿವೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಪ್ರಾಣಿಗಳ ಧ್ವನಿವಿಜ್ಞಾನದ ಕಡೆ ಒಲವಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಜೀರುಂಡೆಗಳ ಧ್ವನಿ ಮತ್ತು ಶ್ರವಣದ ಬಗ್ಗೆ ದೀರ್ಘಕಾಲದಿಂದ ಸಂಶೋಧನೆ ನಡೆದಿದೆ. ಜೀರುಂಡೆಯಾದರೂ ಡಾಲ್ಫಿನ್ ಆದರೂ ಸದ್ದನ್ನು ಅಳೆಯುವ ಶಿಸ್ತು ಒಂದೇ.

ಯಾವುದೇ ಪ್ರಕಟಿತ ಡಾಲ್ಫಿನ್ ಆಡಿಯೋಗ್ರಾಂ ನಿಮ್ಮ ಕೈಗೆ ಬಂದಾಗ ರೇಖೆಯನ್ನು ಆಮೇಲೆ ನೋಡಿ. ಮೊದಲು ವಿಧಾನದ ಭಾಗ ತೆರೆದು ಹುಡುಕಿ: ಅಳತೆ ಮಾಡಿದ್ದು ದವಡೆಯ ಬಳಿಯೇ? ಹಿನ್ನೆಲೆಯ ಗದ್ದಲ ಎಷ್ಟಿತ್ತು? ಪ್ರಾಣಿಗಳು ಎಷ್ಟು, ವಯಸ್ಸೆಷ್ಟು? ಸದ್ದಿಲ್ಲದ ಸರದಿಗಳು ಎಷ್ಟು, ಅವುಗಳಲ್ಲಿ ಸುಳ್ಳು ಉತ್ತರ ಎಷ್ಟು? ಕೊನೆಯ ಅಂಕಿ ಸಿಗದಿದ್ದರೆ ಲೇಖಕರಿಗೆ ಇಮೇಲ್ ಬರೆದು ಕೇಳಿ. ನೀವು ವಿದ್ಯಾರ್ಥಿ ಎಂದು ಹಿಂಜರಿಯಬೇಡಿ.